ಎಂಬತ್ತಕ್ಕೆ ವೈರು ತೆಗೆಯುತ್ತಿದ್ದ ಮೇಷ್ಟ್ರು

ಸ್ಟಾಫ್ ರೂಮಿನ ಪ್ಲಗ್ಗಿಗೆ ಫೋನ್ ಹಾಕಿ ಕ್ಲಾಸಿಗೆ ಹೋದರೆ, ವಾಪಸ್ಸು ಬರುವಷ್ಟರಲ್ಲಿ ಯಾರೋ ಚಾರ್ಜರ್ ಕಿತ್ತು, ವೈರನ್ನು ಸುರುಳಿ ಸುತ್ತಿ, ಫೋನಿನ ಪಕ್ಕದಲ್ಲಿ ಅಚ್ಚುಕಟ್ಟಾಗಿ ಇಟ್ಟಿರುತ್ತಿದ್ದರು. ತಿಪಟೂರಿನ ಆ ಪದವಿಪೂರ್ವ ಕಾಲೇಜಿಗೆ ನಾನು ಕನ್ನಡ ಉಪನ್ಯಾಸಕಿಯಾಗಿ ಸೇರಿದ ಮೊದಲ ವಾರದಲ್ಲೇ ಮೂರು ಸಲ ಹೀಗಾಯಿತು. ಹೊಸಬಳೆಂದು ಯಾರೋ ಕಾಡಿಸುತ್ತಿದ್ದಾರೆ ಅಂದುಕೊಂಡೆ. ನಾಲ್ಕನೆಯ ಸಲ ಬೇಗ ಬಂದು ಬಾಗಿಲಲ್ಲೇ ನಿಂತು ನೋಡಿದೆ. ಫಿಸಿಕ್ಸ್ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನ ಫೋನಿನ ಮೇಲೆ ಬಗ್ಗಿದ್ದರು. ಮಗುವಿಗೆ ಜ್ವರ ನೋಡುವ ಹಾಗೆ ಕೈಯ ಹಿಂಭಾಗದಿಂದ ಅದರ ಬೆನ್ನು ಮುಟ್ಟಿದರು. ಆಮೇಲೆ ವೈರು ತೆಗೆದರು.

"ಸಾರ್, ಅದು ನನ್ನ ಫೋನು," ಅಂದೆ.

"ಗೊತ್ತು ಕಣಮ್ಮ. ಎಂಬತ್ತಾಯ್ತು, ಅದಕ್ಕೇ ತೆಗೆದೆ."

"ಇನ್ನೂ ಇಪ್ಪತ್ತು ಬಾಕಿ ಇದೆಯಲ್ಲ?"

"ಬಾಕಿ ಇರ್ಲಿ ಬುಡಿ." ಅವರು ಕೂತುಕೊಂಡರು. ಪಾಠ ಶುರುವಾಗುತ್ತದೆಂದು ಉಳಿದವರೆಲ್ಲ ಮೆಲ್ಲಗೆ ಎದ್ದು ಹೊರಗೆ ಹೋದರು. "ಬೆಳಿಗ್ಗೆ ಹಾಲ್ಕುರಿಕೆ ಕಡೆಯಿಂದ ಬರೋ ಬಸ್ಸು ನೋಡಿದ್ದೀರಲ್ಲ? ಸೀಟು ಖಾಲಿ ಇರೋವರೆಗೂ ಜನ ಸಲೀಸಾಗಿ ಹತ್ತಿ ಕೂತ್ಕೋತಾರೆ. ಕೊನೇ ಹತ್ತು ಜನ ಹತ್ತೋವಾಗ ನೂಕಾಟ, ತಳ್ಳಾಟ. ಬಸ್ಸು ಕೆಡೋದು ಆ ಹತ್ತು ಜನದಿಂದ. ಬ್ಯಾಟರಿಗೂ ಅಷ್ಟೇ. ಕೊನೇ ಇಪ್ಪತ್ತು ತುಂಬೋವಾಗ ಅದರೊಳಗೆ ಒತ್ತಡ ಜಾಸ್ತಿ. ದಿನಾ ಹಂಗೆ ತುಂಬಿದ್ರೆ ಬೇಗ ಮುದಿಯಾಗ್ತದೆ. ಅದರ ಜೊತೆಗೆ ಬಿಸಿ ಸೇರಿದ್ರೆ ಮುಗೀತು."

ಅಂದಿನಿಂದ ಒಂಬತ್ತು ವರ್ಷ ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೊಟ್ಟು, ಹೆಸರು ಮಾತ್ರ ಹಾಕಬೇಡಿ ಎಂದು ಜಗಳ ಆಡಿದ ಮನುಷ್ಯ ಅವರು. ನಮಗೆಲ್ಲ ಫಿಸಿಕ್ಸ್ ಮೇಷ್ಟ್ರು, ಮಕ್ಕಳ ಬಾಯಲ್ಲಿ 'ಎಂಬತ್ತು ಸಾರ್'. ಆ ಅಡ್ಡಹೆಸರು ಅವರಿಗೂ ಗೊತ್ತಿತ್ತು. ಹಾಜರಿ ಕೂಗುವಾಗ ಎಂಬತ್ತನೇ ನಂಬರು ಬಂದರೆ ಇಡೀ ಕ್ಲಾಸಿಗಿಂತ ಮೊದಲು ತಾವೇ ನಕ್ಕುಬಿಡುತ್ತಿದ್ದರು.

ಸಣಕಲು ಮೈ, ಹಣೆಯಲ್ಲಿ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ. ಮಾತು ಕಡಿಮೆ. ವಿಜ್ಞಾನದ ವಿಷಯ ಬಂದರೆ ಮಾತ್ರ ಕಟ್ಟೆ ಒಡೆದ ಹಾಗೆ. ಯಾರಾದರೂ ಏನಾದರೂ ಖಚಿತವಾಗಿ ಹೇಳಿದರೆ "ನೋಡಿದ್ದೀರಾ, ಕೇಳಿದ್ದೀರಾ?" ಎಂದು ಕೇಳುತ್ತಿದ್ದರು. ಕೇಳಿದ್ದು ಅಂದರೆ ಸುಮ್ಮನಾಗಿಬಿಡುತ್ತಿದ್ದರು. ಆ ಮೌನದ ಮುಂದೆ ಪ್ರಿನ್ಸಿಪಾಲರೂ ತಡವರಿಸುತ್ತಿದ್ದರು.

ಎಂಬತ್ತರ ವಿಷಯವನ್ನೂ ಅವರು ಬರೀ ಕೇಳಿ ನಂಬಿರಲಿಲ್ಲ. ಮನೆಯಲ್ಲೇ ಪ್ರಯೋಗ ನಡೆಸುತ್ತಿದ್ದರು. ಒಬ್ಬಳೇ ಮಗಳು ಚಿಕ್ಕನಾಯಕನಹಳ್ಳಿಯಲ್ಲಿ ನರ್ಸು. ಕೆಲಸ ಸಿಕ್ಕಿದ ಮೇಲೆ ಅಪ್ಪ ಅಮ್ಮನಿಗೆ ಒಂದೇ ಥರದ ಎರಡು ಫೋನ್ ತಂದುಕೊಟ್ಟಿದ್ದಳು. ಪೆಟ್ಟಿಗೆ ಬಿಚ್ಚಿದ ದಿನವೇ ಮೇಷ್ಟ್ರು ಹೆಂಡತಿಗೆ ಹೇಳಿದರಂತೆ: "ನೋಡೇ, ನಂದು ಎಂಬತ್ತಕ್ಕೆ ನಿಲ್ಲಿಸ್ತೀನಿ, ಇಪ್ಪತ್ತಕ್ಕಿಂತ ಕೆಳಗೆ ಇಳಿಸಲ್ಲ. ನೀನು ಹೆಂಗೆ ಬೇಕೋ ಹಂಗೆ ಹಾಕ್ಕೋ. ಮೂರು ವರ್ಷ ಬಿಟ್ಟು ನೋಡಾಣ."

ಅವರ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅಕ್ಕ ದುಂಡು ಮುಖದ, ದೊಡ್ಡ ದನಿಯ ಹೆಂಗಸು. ಊರಿನಿಂದ ಸ್ವಲ್ಪ ಆಚೆ, ತೆಂಗಿನ ತೋಟದ ನಡುವೆ ಮನೆ. ಹಸು, ತೋಟ, ಆಳುಕಾಳು ಎಲ್ಲ ಅವರದೇ ಆಡಳಿತ. ಮಲಗುವಾಗ ಫೋನನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಅವರು ಅದನ್ನು ಮತ್ತೆ ನೋಡುತ್ತಿದ್ದದ್ದು ಬೆಳಗಿನ ಹಾಲು ಕರೆದ ಮೇಲೆ. ಅದು ಯಾವಾಗಲೂ ನೂರು.

ಮೂರು ತಿಂಗಳಿಗೊಂದು ಭಾನುವಾರ ಪರೀಕ್ಷೆ. ಅಂದು ಮಾತ್ರ ಎರಡೂ ಫೋನನ್ನು ಪೂರ್ತಿ ತುಂಬಿಸಿ, ಮೇಜಿನ ಮೇಲೆ ಜೋಡಿಯಾಗಿಟ್ಟು, ಒಂದೇ ಧ್ವನಿಮುದ್ರಣವನ್ನು ಎರಡರಲ್ಲೂ ಹಚ್ಚುತ್ತಿದ್ದರು. ಯಾವುದು ಎಷ್ಟು ಹೊತ್ತಿಗೆ ಆರಿತು ಎಂದು ಗೋಡೆ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯುವುದು. ಆ ಧ್ವನಿಮುದ್ರಣ ಬೇರೇನೂ ಅಲ್ಲ, ಅವರೇ ಮಾಡಿದ ಓಮನ ನಿಯಮದ ಪಾಠ. ಮತ್ತೆ ಮತ್ತೆ, ಮೊದಲಿಂದ ಕೊನೆಯವರೆಗೆ, ದಿನವಿಡೀ.

"ಬೇರೆ ಹೆಂಗಸರ ಮನೇಲಿ ಭಾನುವಾರ ಧಾರಾವಾಹಿ ಬತ್ತದೆ ಕಣಮ್ಮ, ನಮ್ಮನೇಲಿ ಓಮನ ನಿಯಮ," ಎಂದು ಅಕ್ಕ ನಾನು ಮೊದಲ ಸಲ ಹೋದಾಗಲೇ ದೂರಿದರು. "ನಂಗೂ ಬಾಯಿಪಾಠ ಆಗೋಗದೆ. ಹಸು ಕರೆಯೋವಾಗ ಬಾಯಿಗೆ ಅದೇ ಬತ್ತದೆ."

"ಹೇಳು ನೋಡಾಣ?" ಮೇಷ್ಟ್ರು ಒಳಗಿನಿಂದ ಕೂಗಿದರು.

ಅಕ್ಕ ಹೇಳಿದರು. ಒಂದು ಪದ ತಪ್ಪಿರಲಿಲ್ಲ.

ಪ್ರಯೋಗಕ್ಕೆ ಒಂದು ತೊಡಕಿತ್ತು. ಅಕ್ಕ ಫೋನಿನಲ್ಲಿ ತುಂಬ ಮಾತಾಡುತ್ತಿದ್ದರು. ತಂಗಿಯರು, ನಾದಿನಿ, ಮಗಳು, ದಬ್ಬೇಘಟ್ಟದ ಚಿಕ್ಕಮ್ಮ. ಮೇಷ್ಟ್ರ ಫೋನು ದಿನವಿಡೀ ಜೇಬಿನಲ್ಲಿ ನಿದ್ದೆ ಮಾಡುತ್ತಿತ್ತು. ಒಂದು ಹೆಚ್ಚು ದುಡಿದು ಇನ್ನೊಂದು ಕಡಿಮೆ ದುಡಿದರೆ ಹೋಲಿಸುವುದು ಹೇಗೆ?

"ನೀನು ಮಾತು ಕಮ್ಮಿ ಮಾಡು, ನನ್ನ ಪ್ರಯೋಗ ಕೆಡ್ತದೆ," ಅಂದರಂತೆ.

"ನಾನ್ಯಾಕೆ ಕಮ್ಮಿ ಮಾಡ್ಲಿ? ಮಾತಾಡಕ್ಕೇ ಅಲ್ವೇನ್ರೀ ಫೋನು ಇರೋದು? ನೀವು ಜಾಸ್ತಿ ಮಾಡ್ರಿ."

ಮೇಷ್ಟ್ರಿಗೆ ಅದು ನ್ಯಾಯ ಅನ್ನಿಸಿತು. ಆದರೆ ಅವರಿಗೆ ಮಾತಾಡಲು ಯಾರಿದ್ದರು? ಮರುದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು, ಕಿಟಕಿಯ ಪಕ್ಕ ಹೋಗಿ ಮನೆಯ ಹಳೇ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ದಿನಕ್ಕಿಷ್ಟು ನಿಮಿಷ ಎಂದು ಲೆಕ್ಕ. ಮೊದಮೊದಲು ಕಷ್ಟಪಡುತ್ತಿದ್ದರು. "ಊಟ ಆಯ್ತಾ? ಹೂಂ. ಆಮೇಲೆ? ಹೂಂ. ಇನ್ನೂ ಹದಿನಾಲ್ಕು ನಿಮಿಷ ಐತೆ, ಏನಾದ್ರೂ ಹೇಳು." ನಾವೆಲ್ಲ ಮುಖ ಮುಚ್ಚಿಕೊಂಡು ನಗುತ್ತಿದ್ದೆವು. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಹೊತ್ತಿಗೆ ಅವರನ್ನು ಯಾರೂ ಕರೆಯುವಂತಿರಲಿಲ್ಲ. ಕಿಟಕಿಯ ಹತ್ತಿರ ನಿಂತು, ಮರಕ್ಕೆ ಹತ್ತಿದವನು ಎಳನೀರು ಎಷ್ಟು ಕೆಡವಿದ, ಕರು ಹಗ್ಗ ಕಿತ್ತುಕೊಂಡು ಯಾರ ರಾಗಿ ಹೊಲಕ್ಕೆ ನುಗ್ಗಿತು ಎಂದು ಕೇಳಿ ಕೇಳಿ ನಗುತ್ತಿದ್ದರು. ಒಮ್ಮೆ ನಾನು ಕೇಳಿದೆ, "ಸಾರ್, ಇವತ್ತು ನಲವತ್ತು ನಿಮಿಷ ಆಯ್ತಲ್ಲ?"

"ಪ್ರಯೋಗಕ್ಕೆ ಕಣಮ್ಮ," ಅಂದರು. ಮುಖ ಕೆಂಪಾಗಿತ್ತು.

ಒಂದು ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅಕ್ಕ ಏಣಿ ಹಾಕಿಕೊಂಡು ಅಟ್ಟದಿಂದ ತೆಂಗಿನಕಾಯಿ ಇಳಿಸುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಕಳಚಿ ಗಡಗಡ ಅಂದರೆ ಒಂದು ಕಡೆ, ಅನ್ನದಿದ್ದರೆ ಮತ್ತೆ ಅಟ್ಟಕ್ಕೆ. ಮೇಷ್ಟ್ರು ಕೆಳಗೆ ನಿಂತು ಎಂಬತ್ತರ ಲಾಭವನ್ನು ನನಗೆ ವಿವರಿಸುತ್ತಿದ್ದರು. ಮೇಲಿಂದ ಅಕ್ಕ ಹೇಳಿದರು: "ವರ್ಷಗಟ್ಲೆ ಅಟ್ಟದ ಮ್ಯಾಲೆ ಜೋಪಾನ ಮಾಡೋದು ಒಂದಿನ ಇಳಿಸಿ ಒಡೆಯಕ್ಕೆ ಕಣ್ರೀ. ನಿಮ್ಮೆಜಮಾನ್ರು ಕಾಯೋದೇ ಕಾಯೋದು ಅಂತಾರೆ, ನೀವಾದ್ರೂ ಹೇಳಿ ಮೇಡಂ. ಬೇಕಾದಾಗ ಬಳಸದೇ ಇದ್ರೆ ಯಾತಕ್ಕೆ?"

"ನಮ್ಮೆಜಮಾನ್ರು ಅನ್ನು," ಎಂದು ಮೇಷ್ಟ್ರು ಬಾಯಿ ತಪ್ಪಿದ್ದನ್ನು ತಿದ್ದಿದರು. ಮೂವರೂ ನಕ್ಕೆವು. ಅಕ್ಕನ ಮಾತಿನಲ್ಲಿ ಒಂದು ವಾದವೂ ಇತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಇನ್ನು ಆ ದಿನದ ಮಾತು.

ಪ್ರಾಯೋಗಿಕ ಪರೀಕ್ಷೆಗೆ ಅವರನ್ನು ತುರುವೇಕೆರೆಯ ಒಂದು ಕಾಲೇಜಿಗೆ ಹಾಕಿದ್ದರು. ನನಗೂ ಅದೇ ಊರಿನಲ್ಲಿ ಕನ್ನಡ ಉಪನ್ಯಾಸಕರ ತರಬೇತಿಯಿತ್ತು. ಸಂಜೆಗೆ ಮೊದಲೇ ಇಬ್ಬರದೂ ಮುಗಿದು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೆವು. ಮೇಷ್ಟ್ರು ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದರು.

"ಏನಾಯ್ತು ಸಾರ್?"

"ಅಂಕಗಳನ್ನ ಇವತ್ತೇ ಆನ್‌ಲೈನಿನಲ್ಲಿ ಹಾಕಬೇಕಿತ್ತು. ಅಲ್ಲಿ ನೆಟ್ ಇರ್ಲಿಲ್ಲ. ನನ್ನ ಫೋನಿಂದಲೇ ಕೊಟ್ಟೆ. ಮೂರು ಗಂಟೆ ಹೊತ್ತು! ಕಾವಲಿ ಆಗೋಗಿತ್ತು. ಈಗ ಆಫ್ ಆಯ್ತು." ಆಮೇಲೆ ಸ್ವಲ್ಪ ನಾಚಿಕೊಂಡು ಅಂದರು, "ಬೆಳಿಗ್ಗೆ ನಮ್ಮನೇಲಿ ಹೇಳಿದ್ಲು, ದೂರ ಹೋಗ್ತಿದ್ದೀರ, ಪೂರ್ತಿ ಮಾಡ್ಕೊಂಡು ಹೋಗ್ರಿ ಅಂತ. ಎಂಬತ್ತಕ್ಕೇ ತೆಗ್ದೆ."

ನನ್ನ ಚೀಲದಲ್ಲಿ ಪವರ್ ಬ್ಯಾಂಕ್ ಇತ್ತು. ತೆಗೆದು ಕೊಟ್ಟೆ. "ಹಾಕ್ಕೊಳ್ಳಿ ಸಾರ್."

ಅವರು ಕೈಯ ಹಿಂಭಾಗದಿಂದ ಫೋನು ಮುಟ್ಟಿ ನೋಡಿದರು. "ಬೇಡಮ್ಮ, ಇನ್ನೂ ಬಿಸಿ ಐತೆ. ಬಿಸಿ ಇದ್ದಾಗ ಚಾರ್ಜ್ ಮಾಡಬಾರದು. ಒಂದು ಗಂಟೆ ಅಲ್ವಾ, ಮನೆಗೇ ಹೋಗಿ ಹಾಕ್ತೀನಿ."

ನಾನು ಪವರ್ ಬ್ಯಾಂಕನ್ನು ಚೀಲಕ್ಕೆ ಹಾಕಿಕೊಂಡೆ. ಇನ್ನೊಂದು ಸಲ ಹೇಳಲಿಲ್ಲ. ಬಸ್ಸು ಬಂತು. ಹತ್ತಿ ಕೂತು, ದಾರಿಯುದ್ದಕ್ಕೂ ಕಡಲೆಕಾಯಿ ತಿಂದೆವು. ಆ ದಿನ ಒಬ್ಬ ಹುಡುಗಿ ಲೋಲಕದ ಪ್ರಯೋಗದಲ್ಲಿ ಸಮಯ ನೋಡುವುದು ಬಿಟ್ಟು ಲೋಲಕದ ಜೊತೆ ತಾನೂ ತೂಗುತ್ತಾ ನಿಂತಿದ್ದಳಂತೆ. ಅದನ್ನು ಅವರು ತಲೆ ಅಲ್ಲಾಡಿಸಿ ತೋರಿಸಿದರು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ತಿಪಟೂರು ಇನ್ನೇನು ಹತ್ತಿರ ಬಂತು ಅನ್ನುವಾಗ ನನ್ನ ಫೋನು ಹೊಡೆದುಕೊಂಡಿತು. ನಮ್ಮ ಕಾಲೇಜಿನ ಅಟೆಂಡರ್. "ಮೇಡಂ, ಫಿಸಿಕ್ಸ್ ಸಾರ್ ನಿಮ್ಮ ಜೊತೆ ಏನಾದ್ರೂ ಇದಾರಾ? ಅವರ ಮಗಳು ಎಲ್ಲ ಕಡೆ ಹುಡುಕ್ತಾ ಇದಾರೆ."

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು. "ಹೂಂ," ಅಂದರು. "ಯಾವ ಆಸ್ಪತ್ರೆ?" ಅಂದರು. "ಆಯ್ತು," ಅಂದು ಫೋನು ವಾಪಸ್ಸು ಕೊಟ್ಟರು. ಆಮೇಲೆ ಎದ್ದು ಬಸ್ಸಿನ ಬಾಗಿಲ ಕಡೆ ನಡೆದರು.

"ಸಾರ್, ಇನ್ನೂ ಸ್ಟ್ಯಾಂಡ್ ಬಂದಿಲ್ಲ," ಅಂದೆ.

ಅವರಿಗೆ ಕೇಳಿಸಲಿಲ್ಲ. ಊರು ಬರುವವರೆಗೂ ಬಾಗಿಲ ಕಂಬಿ ಹಿಡಿದು ಹಾಗೆಯೇ ನಿಂತಿದ್ದರು. ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆ ದಾರಿಯುದ್ದಕ್ಕೂ ಚೆಲ್ಲಿತ್ತು.

ಅಕ್ಕನಿಗೆ ಮನೆಯಲ್ಲಿ ಒಬ್ಬರೇ ಇದ್ದಾಗ ಎದೆನೋವು ಬಂದಿತ್ತು. ಅವರು ಮೊದಲು ಫೋನು ಮಾಡಿದ್ದು ಗಂಡನಿಗೆ. ಆಫ್ ಇದೆ ಅಂತ ಬಂತು. ಮತ್ತೆ ಮಾಡಿದರು. ಮತ್ತೆ. ಸುಮಾರು ಅರ್ಧ ಗಂಟೆಯಲ್ಲಿ ಏಳು ಸಲ. ಮಗಳು ಡ್ಯೂಟಿಯಲ್ಲಿರುತ್ತಾಳೆ, ಗಾಬರಿ ಮಾಡುವುದು ಬೇಡ ಅಂದುಕೊಂಡಿರಬೇಕು. ಕೊನೆಗೆ ತಡೆಯಲಾಗದೆ ಅವಳಿಗೆ ಮಾಡಿದರು. ಅವಳು ಅಲ್ಲಿಂದಲೇ ಪಕ್ಕದ ತೋಟದವರಿಗೆ ಹೇಳಿ, ಅವರು ಓಡಿಬಂದು, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತಿಪಟೂರಿಗೆ ಹೊರಟರು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತ್ತು.

ನಾನೂ ಆಸ್ಪತ್ರೆಗೆ ಹೋದೆ. ಮಗಳು ನರ್ಸಿನ ಬಟ್ಟೆಯಲ್ಲೇ ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದಳು. ಅಳುತ್ತಿರಲಿಲ್ಲ. ಕಾರಿಡಾರಿನಲ್ಲಿ ಅಪ್ಪನ ಎದುರು ನಿಂತು ಕೇಳಿದಳು: "ಅಪ್ಪ, ಫೋನ್ ಯಾಕೆ ಆಫ್ ಆಗಿತ್ತು?"

"ಬಿಸಿಯಾಗಿತ್ತಮ್ಮ," ಅಂದರು ಮೇಷ್ಟ್ರು.

"ಅರ್ಧ ಗಂಟೆ, ಅಪ್ಪ. ಆ ಅರ್ಧ ಗಂಟೆ ಸಿಕ್ಕಿದ್ರೆ..." ಅವಳು ಅಲ್ಲಿಗೇ ನಿಲ್ಲಿಸಿದಳು. ನಿಲ್ಲಿಸಿದ್ದೇ ಹೆಚ್ಚು ನೋಯಿಸಿತು. ಅವಳಿಗೆ ನಿಮಿಷಗಳ ಬೆಲೆ ಗೊತ್ತಿತ್ತು.

ಪಕ್ಕದ ತೋಟದವರು ಅಕ್ಕನ ಫೋನನ್ನು ತಂದು ಮೇಷ್ಟ್ರ ಕೈಗಿಟ್ಟರು. ಅವರು ಅದರಲ್ಲಿ ಏಳು ಕರೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಆ ಫೋನಿನಲ್ಲಿ ಇನ್ನೂ ಅರವತ್ತರ ಮೇಲೆ ಚಾರ್ಜ್ ಉಳಿದಿತ್ತು.

ಅಕ್ಕನನ್ನು ತೋಟದಲ್ಲೇ ಮಣ್ಣು ಮಾಡಿದರು. ಎಲ್ಲ ಕಾರ್ಯ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ನಾನು ಅವರನ್ನು ನೋಡಿಕೊಂಡು ಬರಲು ಹೋದೆ. ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ಓಮನ ನಿಯಮ ಕೇಳಿಸಿತು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಹಿಂದಿನ ಪರೀಕ್ಷೆಗೆ ಮೂರು ತಿಂಗಳು ತುಂಬಿತ್ತು. ಅದು ಪರೀಕ್ಷೆಯ ಭಾನುವಾರ.

ಮೇಜಿನ ಮೇಲೆ ಎರಡು ಫೋನುಗಳು ಜೋಡಿಯಾಗಿ ಪಾಠ ಹೇಳುತ್ತಿದ್ದವು. ಮೇಷ್ಟ್ರು ಎದುರಿಗೆ ಕೂತಿದ್ದರು. ನನ್ನನ್ನು ನೋಡಿ ಕುರ್ಚಿ ತೋರಿಸಿದರು. ನಾನು ಕಾಫಿ ಮಾಡಿ ತಂದೆ. ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಿನ ಮೇಲೆ ಅಕ್ಕನ ಫೋನು ಒಂದು ವಾಕ್ಯದ ನಡುವೆ ಆರಿತು. ಮೇಷ್ಟ್ರು ಗಡಿಯಾರ ನೋಡಿ ಬರೆದುಕೊಂಡರು. ಅವರ ಫೋನೊಂದೇ ಪಾಠ ಮುಂದುವರಿಸಿತು. ನಾನು ಹೊರಡುವ ಹೊತ್ತಾದರೂ ಅದು ಹೇಳುತ್ತಲೇ ಇತ್ತು.

"ಎಂಬತ್ತಕ್ಕೆ ನಿಲ್ಲಿಸೋದು ಕೆಲಸ ಮಾಡ್ತದೆ ಕಣಮ್ಮ," ಅಂದರು. "ನಾನು ಹೇಳಿದ್ದು ಸುಳ್ಳಲ್ಲ. ನೋಡಿ, ಎಷ್ಟು ವ್ಯತ್ಯಾಸ ಐತೆ."

"ಸಾರ್, ಇದನ್ನ ಈಗ ಯಾಕೆ..."

"ಸುಳ್ಳಾಗಿದ್ರೆ ಚೆನ್ನಾಗಿರ್ತಿತ್ತು. ದಡ್ಡತನಕ್ಕೆ ಅವಳನ್ನ ಕಳ್ಕೊಂಡೆ ಅಂತ ಒಂದು ಸಲ ಅತ್ತು ಮುಗಿಸ್ತಿದ್ದೆ. ಇದು ನಿಜ ಆಗೋಯ್ತು." ಆಮೇಲೆ ಅಂದರು: "ಡಾಕ್ಟ್ರನ್ನ ಕೇಳ್ದೆ. ಬೇಗ ಬಂದಿದ್ರೆ ಉಳೀತಿದ್ಲಾ ಅಂತ. ಹೇಳಕ್ಕಾಗಲ್ಲ ಅಂದ್ರು. ಫೋನು ಎರಡಿದ್ವು, ಹೋಲಿಸಿ ನೋಡ್ದೆ. ಆ ದಿನ ಒಂದೇ ಇತ್ತಲ್ಲಮ್ಮ. ಅದನ್ನ ಯಾವುದರ ಜೊತೆ ಹೋಲಿಸಿ ನೋಡ್ಲಿ?"

ಅಂದು ನಾನು ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಇನ್ನೊಂದು ಸಲ ಒತ್ತಾಯ ಮಾಡಬೇಕಿತ್ತು, ಕಿತ್ತುಕೊಂಡಾದರೂ ಫೋನಿಗೆ ಸಿಕ್ಕಿಸಬೇಕಿತ್ತು ಎಂದು. ಹೇಳುತ್ತಾ ನಾನೇ ಅತ್ತೆ.

"ನೀವು ಹೇಳಿದ್ರಿ. ನಾನು ಕೇಳಲಿಲ್ಲ," ಅಂದರು ಮೇಷ್ಟ್ರು. "ಅದು ನಂದು. ನೀವು ಹೊತ್ಕೊಂಡು ತಿರುಗಬೇಡಿ." ಅಷ್ಟು ನೋವಿನಲ್ಲಿದ್ದ ಮನುಷ್ಯ ನನ್ನ ಪಾಲಿನದನ್ನೂ ತಾವೇ ತೆಗೆದುಕೊಂಡರು.

ರಜೆ ಮುಗಿಸಿ ಕಾಲೇಜಿಗೆ ಬಂದರು. ಮಧ್ಯಾಹ್ನದ ಊಟದ ಹೊತ್ತು ನೋಡಲಾಗುತ್ತಿರಲಿಲ್ಲ. ಡಬ್ಬಿ ತೊಳೆದಿಟ್ಟು, ಅಭ್ಯಾಸಬಲದಿಂದ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಜೇಬಿಗೆ ಕೈ ಹೋಗುತ್ತಿತ್ತು. ಆಮೇಲೆ ನೆನಪಾಗಿ, ಕೈ ಹೊರಗೆ ತೆಗೆದು, ಹಿಂದೆ ಕಟ್ಟಿಕೊಂಡು, ಗಂಟೆ ಹೊಡೆಯುವವರೆಗೂ ಹಾಗೆಯೇ ನಿಲ್ಲುತ್ತಿದ್ದರು. ನಮ್ಮ ಫೋನುಗಳ ವೈರನ್ನು ಮಾತ್ರ ಮತ್ತೆ ಯಾವತ್ತೂ ಮುಟ್ಟಲಿಲ್ಲ. ನಾವೇ ಒಬ್ಬೊಬ್ಬರಾಗಿ, ಅವರಿಗೆ ಕಾಣುವ ಜಾಗದಲ್ಲಿ ಚಾರ್ಜಿಗೆ ಹಾಕುವುದನ್ನು ಬಿಟ್ಟೆವು.

ಒಂದು ದಿನ ಮೇಷ್ಟ್ರ ಪಕ್ಕದ ಕ್ಲಾಸಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಗೋಡೆಯಾಚೆ ಒಬ್ಬ ಹುಡುಗಿಯ ದನಿ ಕೇಳಿಸಿತು. ಹೊಸ ಬ್ಯಾಚು, ಅವಳಿಗೆ ಏನೂ ಗೊತ್ತಿರಲಿಲ್ಲ. "ಸಾರ್, ಎಂಬತ್ತಕ್ಕೆ ಚಾರ್ಜ್ ನಿಲ್ಲಿಸಿದ್ರೆ ಬ್ಯಾಟರಿ ಜಾಸ್ತಿ ದಿನ ಬರುತ್ತಂತೆ, ಹೌದಾ?"

ನಾನು ಪಾಠ ನಿಲ್ಲಿಸಿದೆ.

"ಹೌದಮ್ಮ," ಅಂದರು ಮೇಷ್ಟ್ರು. "ನಾನು ನೋಡಿದ್ದೀನಿ. ದಿನಾ ನೂರು ತುಂಬಿಸೋದಕ್ಕಿಂತ ಎಂಬತ್ತಕ್ಕೆ ತೆಗೆಯೋದು ಒಳ್ಳೇದು. ಬಿಸಿಲಲ್ಲಿ ಇಡಬಾರದು, ಬಿಸಿಯಾಗಿದ್ದಾಗ ಚಾರ್ಜಿಗೆ ಹಾಕಬಾರದು. ಇದೆಲ್ಲ ಸರಿ. ಆದ್ರೆ ಮನೆ ಬಿಟ್ಟು ದೂರ ಹೋಗೋ ದಿನ ಪೂರ್ತಿ ಮಾಡ್ಕೊಂಡು ಹೋಗಿ. ದಾರೀಲಿ ಆಫ್ ಆದ್ರೆ ಬಿಸಿಯಿದ್ರೂ ಹಾಕಿ, ಯಾರನ್ನ ಬೇಡಿಯಾದ್ರೂ ಹಾಕಿ. ಬ್ಯಾಟರಿ ಹೋದ್ರೆ ಹೋಗ್ಲಿ. ಬ್ಯಾಟರಿ ಅಂಗಡೀಲಿ ಸಿಗ್ತದೆ."

ಆಮೇಲೆ ಸೀಮೆಸುಣ್ಣ ಹಲಗೆಗೆ ತಾಗುವ ಸದ್ದು ಕೇಳಿಸಿತು.

ಮರುವರ್ಷ ನಿವೃತ್ತರಾದರು. ಬೀಳ್ಕೊಡುಗೆ ಬೇಡ ಅಂದರು. ಮಗಳು ತನ್ನ ಮನೆಗೆ ಕರೆದಳು, ಹೋಗಲಿಲ್ಲ. ಅವಳು ವಾರಕ್ಕೊಮ್ಮೆ ಬಂದು, ಅಡಿಗೆ ಮಾಡಿಟ್ಟು, ಬಟ್ಟೆ ಒಗೆದುಕೊಟ್ಟು ಹೋಗುತ್ತಿದ್ದಳು. ಅಪ್ಪ ಮಗಳ ನಡುವೆ ಉಪ್ಪು, ಸಾರು, ಮಾತ್ರೆಯ ಮಾತಷ್ಟೇ. ಆ ಕಾರಿಡಾರಿನ ಪ್ರಶ್ನೆಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ನಿವೃತ್ತಿಯಾದ ಮೇಲೆ ಮೇಷ್ಟ್ರು ಒಂದು ಕೆಲಸ ಹಿಡಿದರು. ಸಂಜೆಯಾದರೆ ಬೈಕಿನಲ್ಲಿ ತೋಟದ ಮನೆಗಳಿಗೆ ಹೋಗುವುದು. ಹಗಲೆಲ್ಲ ಒಬ್ಬರೇ ಇರುವ ಹೆಂಗಸರಿಗೆ, ಮುದುಕರಿಗೆ ಫೋನಿನಲ್ಲಿ ನಂಬರು ಹಾಕಿಕೊಡುವುದು. ಒಂದನೇ ಗುಂಡಿಗೆ ಪಕ್ಕದ ತೋಟದವರು. ಎರಡನೇದು ಆಂಬುಲೆನ್ಸ್. ಗಂಡ, ಮಕ್ಕಳು ಮೂರನೇದು. ಬರೀ ಹಾಕಿಕೊಟ್ಟರೆ ಸಾಲದು, ಮಾಡಿ ತೋರಿಸಬೇಕಿತ್ತು.

"ಈಗ ನಿಮಗೆ ಎದೆನೋವು ಬಂತು ಅಂದ್ಕೊಳ್ಳಿ. ಯಾರಿಗೆ ಮಾಡ್ತೀರ?"

"ಅಯ್ಯೋ, ಬುಡ್ತು ಅನ್ನಿ ಮೇಷ್ಟ್ರೇ!"

"ಬುಡ್ತು. ಯಾರಿಗೆ ಮಾಡ್ತೀರ?"

"ನಮ್ಮೆಜಮಾನ್ರಿಗೆ."

"ತಪ್ಪು. ಅವರು ಬಸ್ಸಲ್ಲಿರ್ತಾರೆ. ಮತ್ತೆ ಹೇಳಿ."

ಒಮ್ಮೆ ನಾನೂ ಅವರ ಜೊತೆ ಎರಡು ಮನೆಗೆ ಹೋಗಿದ್ದೆ. ಆ 'ಬಸ್ಸಲ್ಲಿರ್ತಾರೆ' ಎಂಬ ಮಾತನ್ನು ಅವರು ಕ್ಲಾಸಿನಲ್ಲಿ ಸೂತ್ರ ಹೇಳುವಷ್ಟೇ ನಿರ್ವಿಕಾರವಾಗಿ ಹೇಳಿದರು. ನಾನು ತೆಂಗಿನ ಮರಗಳ ಕಡೆ ತಿರುಗಿ ನಿಂತೆ.

ಹೋದ ತಿಂಗಳು ಒಂದು ಬೆಳಿಗ್ಗೆ ಪಕ್ಕದ ತೋಟದ ಜಯಮ್ಮ ಹಾಲಿನ ಪಾತ್ರೆ ಕೊಡಲು ಬಂದಾಗ ಮೇಷ್ಟ್ರು ಜಗಲಿಯ ಮೇಲೆ ಬೆವರಿ ಒದ್ದೆಯಾಗಿ ಕೂತಿದ್ದರು. ಮಾತಾಡಲು ಆಗುತ್ತಿರಲಿಲ್ಲ. ಜಯಮ್ಮ ಅಕ್ಷರ ಓದದ ಹೆಂಗಸು. "ಹಾಲಿನ ಪಾತ್ರೆ ಅಲ್ಲೇ ಇಟ್ಬುಟ್ಟೆ ಕಣ್ರೀ ಮೇಡಂ," ಎಂದು ನನಗೆ ಆಮೇಲೆ ಹೇಳಿದರು. "ಅವ್ರೇ ನಾಕು ಸಲ ಮಾಡ್ಸಿದ್ರಲ್ಲ, ಎರಡನೇದು ಒತ್ತು ಅಂತ. ಒತ್ತಿದೆ. ಗಾಡಿ ಬಂದೇಬುಡ್ತು." ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದರು. ಮಗಳು ಬಂದಳು. ಎರಡು ದಿನ ಚೇತರಿಸಿಕೊಂಡ ಹಾಗೇ ಇದ್ದರು, ಮಾತಾಡಿದರು, ಗಂಜಿ ಕುಡಿದರು. ಮೂರನೆಯ ದಿನ ಮತ್ತೆ ನೋವು ಬಂತು. ಹೋದರು.

ಮಣ್ಣಿನ ದಿನ ತೋಟದ ತುಂಬ ಹೆಂಗಸರು. ಒಬ್ಬೊಬ್ಬರ ಸೊಂಟದಲ್ಲೂ, ಕೈಯಲ್ಲೂ ಫೋನು. ಅಕ್ಕನ ಪಕ್ಕದಲ್ಲೇ ಅವರನ್ನು ಕೂರಿಸಿ ಮಣ್ಣು ಮುಚ್ಚಿದರು. ಎಲ್ಲ ಚದುರಿದ ಮೇಲೆ ಮಗಳು ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳೇ ಮಾತು ತೆಗೆದಳು.

"ಎರಡನೇ ದಿನ ಸಂಜೆ ಚೆನ್ನಾಗಿದ್ರು ಮೇಡಂ. ನಾನು ಇವತ್ತು ಹೇಳಿಬಿಡ್ತೀನಿ, ಅವತ್ತು ಹಂಗೆ ಮಾತಾಡಬಾರದಿತ್ತು ಅಪ್ಪ, ತಪ್ಪಾಯ್ತು ಅಂದುಬಿಡ್ತೀನಿ ಅಂತ ಗಟ್ಟಿ ಮನಸ್ಸು ಮಾಡ್ಕೊಂಡು ಹೋದೆ. ಅಷ್ಟರಲ್ಲಿ ಅವರೇ ಕೇಳಿದ್ರು."

"ಏನಂತ?"

"ನಿಮ್ಮಮ್ಮಂಗೆ ಬರದೇ ಇದ್ದ ಗಾಡಿ ನಂಗ್ಯಾಕಮ್ಮ ಬಂತು, ಅಂತ."

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ನೀನೇನಂದೆ?"

"ಆ ಕಡೆ ತಿರುಗಿ ಡ್ರಿಪ್ ಸರಿ ಮಾಡ್ತಾ ನಿಂತೆ." ಆಮೇಲೆ ನನ್ನ ಮುಖ ನೋಡಿದಳು. "ಡ್ರಿಪ್ ಸರಿಯಾಗೇ ಇತ್ತು."